ಬಣ್ಣ ಹಚ್ಚಿದವರ ಪಗಾರ

ನಮ್ಮ ನಾಟಕದ ಚರಿತ್ರೆ ಬರೆದವರು ಕನ್ನಡ ರಂಗಭೂಮಿಯನ್ನು ಎರಡು ಓಣಿಗಳಾಗಿ ಹಂಚಿಬಿಟ್ಟಿದ್ದಾರೆ. ಒಂದು ವೃತ್ತಿ ರಂಗಭೂಮಿ, ಇನ್ನೊಂದು ಹವ್ಯಾಸಿ ರಂಗಭೂಮಿ. ವೃತ್ತಿಯವರದು ಝಗಮಗಿಸುವ ಪರದೆ, ಹಾಡು, ಏರುದನಿಯ ಮಾತು, ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣು. ಹವ್ಯಾಸಿಗಳದು ವಿಚಾರ, ಹೊಸತನ, ಪ್ರಯೋಗ. ಬಿ.ಎ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಹತ್ತಕ್ಕೆ ಏಳು ಅಂಕ ಖಾತ್ರಿಯಿತ್ತು. ಈ ಹಂಚಿಕೆಯ ಬುಡದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯಿದೆ. ದುಡ್ಡಿಗಾಗಿ ಮಾಡಿದ್ದು ಕೀಳು, ಖುಷಿಗಾಗಿ ಮಾಡಿದ್ದು ಮೇಲು ಎಂಬುದೇ ಆ ನಂಬಿಕೆ.

ನಾಟಕದವರ ವಿಷಯದಲ್ಲಿ ಬಾಯಿಬಿಟ್ಟು ಹೇಳದ್ದನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ಮೈಕಿನಲ್ಲೇ ಹೇಳುತ್ತಾರೆ. “ಮಕ್ಕಳೇ, ಹಣದ ಬೆನ್ನು ಹತ್ತಬೇಡಿ. ನಿಮ್ಮ ಮನಸ್ಸಿಗೆ ಯಾವುದು ಆನಂದ ಕೊಡುತ್ತದೆಯೋ ಆ ವೃತ್ತಿಯನ್ನೇ ಆರಿಸಿಕೊಳ್ಳಿ.” ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಿಂದೆ ಜಮಖಾನದ ಮೇಲೆ ಕೂತ ತಾಯಂದಿರು ತಟ್ಟುವುದಿಲ್ಲ. ಸೆರಗು ಸರಿಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಪ್ಪತ್ತೈದು ವರ್ಷದಿಂದ ಈ ಮಾತನ್ನೂ ಈ ಮುಖಗಳನ್ನೂ ಒಟ್ಟಿಗೇ ನೋಡುತ್ತ ಬಂದಿದ್ದೇನೆ. ಆ ಮುಖಗಳಲ್ಲಿರುವುದು ಹಣದಾಸೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮೊದಲು ಹವ್ಯಾಸಿಗಳ ಓಣಿಗೆ ಹೋಗೋಣ. ಅಲ್ಲಿಯ ದೊಡ್ಡವರ ಬಗ್ಗೆ ನನಗೆ ಗೌರವವಿದೆ. ಆಗಿನ ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು ನಮ್ಮ ಕಡೆಯವರೇ. ಕಂಪನಿ ನಾಟಕಗಳ ಹಳಸಲು ರುಚಿಯ ವಿರುದ್ಧ ಅವರಷ್ಟು ಖಾರವಾಗಿ ಬರೆದವರು ಕಡಿಮೆ. ಹಾಗೆ ಬರೆಯುವಾಗ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಮುಂದೆ ಎಪ್ಪತ್ತರ ದಶಕದಲ್ಲಿ ಊರೂರಿಗೆ ಹುಟ್ಟಿಕೊಂಡ ತಂಡಗಳಲ್ಲಿ ಬಣ್ಣ ಹಚ್ಚಿದವರು ಬ್ಯಾಂಕಿನವರು, ಅಂಚೆ ಕಚೇರಿಯವರು, ಎಲ್.ಐ.ಸಿ.ಯವರು, ಕಾಲೇಜಿನ ಮೇಷ್ಟ್ರುಗಳು. ಸಂಜೆ ಐದೂವರೆಗೆ ಕಚೇರಿ ಬಿಟ್ಟು ತಾಲೀಮಿಗೆ ಬರುತ್ತಿದ್ದರು. ನಾಟಕ ಬಿದ್ದರೆ ಬೇಸರವಾಗುತ್ತಿತ್ತು, ಆದರೆ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಪ್ರಯೋಗ ಮಾಡುವ ಧೈರ್ಯ ಅವರಿಗೆ ಒಂದನೇ ತಾರೀಖಿನಿಂದ ಬಂದದ್ದು ಎಂದರೆ ಅದು ಅವಮಾನವಲ್ಲ, ಲೆಕ್ಕ. ಗಿರೀಶ ಕಾರ್ನಾಡರೂ ಮದ್ರಾಸಿನ ಆಕ್ಸ್‌ಫರ್ಡ್ ಪ್ರಕಾಶನದಲ್ಲಿ 1963ರಿಂದ ಏಳು ವರ್ಷ ಕೆಲಸ ಮಾಡಿದ ಮೇಲೆಯೇ 1970ರಲ್ಲಿ ಅದನ್ನು ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದರು. ಅಷ್ಟರಲ್ಲಿ ‘ಯಯಾತಿ’, ‘ತುಘಲಕ್’ ಎರಡೂ ಬಂದಾಗಿತ್ತು.

ಹಾಗಾದರೆ ಜೀವನವನ್ನೇ ಪಣಕ್ಕಿಟ್ಟು ಖುಷಿಯನ್ನು ಆರಿಸಿಕೊಂಡವರು ಯಾರು? ಈ ಪ್ರಶ್ನೆ ಹಿಡಿದುಕೊಂಡು ಬಾದಾಮಿಗೆ ಬರಬೇಕು.

ಬಾದಾಮಿಯ ಹತ್ತಿರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ತೇರು. ತೇರು ಒಂದು ದಿನದ್ದು, ಜಾತ್ರೆ ಸುಮಾರು ಒಂದು ತಿಂಗಳಿನದು. ಬೇರೆ ಕಡೆಯವರಿಗೆ ಬನಶಂಕರಿಯೆಂದರೆ ದೇವಿ, ಪಲ್ಯದ ಹಬ್ಬ, ಪುಷ್ಕರಣಿ. ನಮಗೆ ಅದರ ಜೊತೆಗೆ ನಾಟಕ. ರಸ್ತೆಗೆ ಹತ್ತಿಕೊಂಡು ಸಾಲಾಗಿ ಕಂಪನಿಗಳ ತಗಡಿನ ಥೇಟರುಗಳು ಎದ್ದು ನಿಲ್ಲುತ್ತವೆ. ಒಂದರ ಧ್ವನಿವರ್ಧಕ ಇನ್ನೊಂದರ ಕಿವಿಗೆ ಬಡಿಯುತ್ತದೆ. ಸಂಜೆ ಹಚ್ಚಿದ ಬಣ್ಣವನ್ನು ಬೆಳಗಿನ ಜಾವ ತೊಳೆಯುತ್ತಾರೆ. ಒಂದೇ ರಾತ್ರಿಯಲ್ಲಿ ಅದೇ ನಾಟಕ ಎರಡು ಸಲ, ಜನ ಜಾಸ್ತಿಯಿದ್ದರೆ ಮೂರು ಸಲ. ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಈಗ ಟ್ರ್ಯಾಕ್ಟರಿನಲ್ಲಿ ಬರುತ್ತಾರೆ, ಉಳಿದದ್ದು ಹಾಗೇ ಇದೆ. ಈ ತಿಂಗಳ ಗಳಿಕೆಯ ಮೇಲೆ ಕಂಪನಿಗಳ ವರ್ಷ ನಿಂತಿರುತ್ತದೆ. ಜಾಗದ ಬಾಡಿಗೆ, ತಗಡು, ಕರೆಂಟು, ಕಲಾವಿದರ ಪಗಾರ ಎಲ್ಲ ಕಳೆದು ಉಳಿದರೆ ಮಾಲೀಕನಿಗೆ. ಮಳೆಗಾಲ ಶುರುವಾದ ಮೇಲೆ ಕ್ಯಾಂಪು ಬಿದ್ದು ಹೋದರೆ ಅವರನ್ನು ಕೇಳುವವರಿಲ್ಲ.

ಇಂಥ ಬದುಕಿಗೆ ಯಾರಾದರೂ ದುಡ್ಡಿನ ಆಸೆಗಾಗಿ ಬರುತ್ತಾರೆಯೇ? ದುಡ್ಡು ಬೇಕಿದ್ದವರು ಅಡತಿ ಅಂಗಡಿ ಇಡುತ್ತಾರೆ. ಕಂಪನಿಗೆ ಬಂದವರಲ್ಲಿ ಕೆಲವರು ಬಡತನದಿಂದ ಬಂದರು, ಕೆಲವರು ನಾಟಕದ ಕುಟುಂಬದಲ್ಲೇ ಹುಟ್ಟಿದರು, ಕೆಲವರು ಹುಚ್ಚಿನಿಂದ ಮನೆ ಬಿಟ್ಟು ಬಂದರು. ಬಂದ ಮೇಲೆ ಉಳಿದದ್ದಕ್ಕೆ ಕಾರಣ ಮಾತ್ರ ಬಹುತೇಕ ಒಂದೇ. ಆ ದೀಪದ ಮುಂದೆ ನಿಂತ ಖುಷಿ ಇನ್ನೆಲ್ಲೂ ಸಿಗಲಿಲ್ಲ. ‘ಕರ್ನಾಟಕದ ಶೇಕ್ಸ್‌ಪಿಯರ್’ ಎಂದು ಜನ ಕರೆದ ಕಂದಗಲ್ಲ ಹನುಮಂತರಾಯರು (1896–1966) ಹುನಗುಂದ ಸೀಮೆಯ ಕಂದಗಲ್ಲಿನವರು. ಅವರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳ ಉದ್ದುದ್ದ ಮಾತುಗಳನ್ನು ಓದು ಬಾರದವರೂ ಕೇಳಿ ಕೇಳಿಯೇ ಬಾಯಿಪಾಠ ಮಾಡಿ ಹೇಳುತ್ತಾರೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ‘ರಕ್ತರಾತ್ರಿ’ಯ ದ್ರೌಪದಿಯಾಗಿ ಹೆಸರಾದವರು. ಆ ಪಾತ್ರಕ್ಕೆ ಅವರು ಸಂಭಾವನೆ ಪಡೆದರು ಎಂಬ ಕಾರಣಕ್ಕೆ ಆ ದ್ರೌಪದಿಯ ಸಿಟ್ಟು ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಈಗ ಈ ಹಂಚಿಕೆ ಎಷ್ಟು ಪೊಳ್ಳು ಎಂದು ತೋರಿಸುವ ಜಾಗಕ್ಕೆ ಬರುತ್ತೇನೆ. ಅದು ಕಂಪನಿಯೂ ಅಲ್ಲ, ನಗರದ ಹವ್ಯಾಸಿ ತಂಡವೂ ಅಲ್ಲ, ನಮ್ಮ ಹಳ್ಳಿಯ ನಾಟಕ. ಹುನಗುಂದ, ಬಾದಾಮಿ ತಾಲ್ಲೂಕುಗಳಲ್ಲಿ ಜಾತ್ರೆಗೆ ನಾಟಕ ಆಡದ ಊರು ಹುಡುಕುವುದು ಕಷ್ಟ. ಊರಿನ ಗಂಡಸರೇ ಸೇರಿ ಆಡುತ್ತಾರೆ. ಪೇಟಿ ಬಾರಿಸಿ ಕಲಿಸುವ ಮಾಸ್ತರರನ್ನು ಗೊತ್ತುಮಾಡಿ ಎರಡು ತಿಂಗಳು ತಾಲೀಮು ನಡೆಸುತ್ತಾರೆ. ಪಾತ್ರ ಬೇಕಾದವರು ತಾವೇ ಪಟ್ಟಿ ಹಾಕಿ ರೊಕ್ಕ ಕೊಡುತ್ತಾರೆ. ನಾಯಕನ ಪಾತ್ರಕ್ಕೆ ಹೆಚ್ಚು ಪಟ್ಟಿ, ಕಾವಲುಗಾರನಿಗೆ ಕಡಿಮೆ. ಹೀರೋ ಆಗಲಿಕ್ಕೆ ಒಂದು ಹೋರಿ ಮಾರಿದವರೂ ಇದ್ದಾರೆ. ಇದಕ್ಕಿಂತ ಅಪ್ಪಟ ಹವ್ಯಾಸ ಯಾವುದಿದೆ?

ಆದರೆ ನಾಟಕದಲ್ಲಿ ಹೆಣ್ಣು ಪಾತ್ರವೂ ಇರಬೇಕಲ್ಲ. ಊರ ಹೆಣ್ಣುಮಕ್ಕಳು ರಂಗ ಹತ್ತುವಂತಿಲ್ಲ. ಹಾಗಾಗಿ ಇಳಕಲ್ಲ, ಗುಳೇದಗುಡ್ಡ, ಗದಗಿನ ಕಡೆಯಿಂದ ಕಲಾವಿದೆಯರನ್ನು ಒಂದು ರಾತ್ರಿಗೆ ಇಷ್ಟು ಎಂದು ಮಾತಾಡಿ ಸಂಚಕಾರ ಕೊಟ್ಟು ಕರೆಸುತ್ತಾರೆ. ಆಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಹೆಚ್ಚೆಂದರೆ ಒಂದು ಸಲ ಎಲ್ಲರ ಜೊತೆ ಮಾತು ಹೊಂದಿಸಿಕೊಳ್ಳುತ್ತಾಳೆ. ರಾತ್ರಿ ಹತ್ತಕ್ಕೆ ಪರದೆ ಎದ್ದ ಮೇಲೆ, ಎರಡು ತಿಂಗಳು ಕಲಿತೂ ಮಾತು ಮರೆತ ನಾಯಕನಿಗೆ ಬಾಯಿಯ ಸಂದಿಯಲ್ಲಿ ಮಾತು ತುರುಕಿ, ಹಾಡು ಎತ್ತಿಕೊಟ್ಟು, ತಪ್ಪಿದ ತಾಳವನ್ನು ಗೆಜ್ಜೆಯಿಂದ ಸರಿಮಾಡಿ, ಬೆಳಗಿನ ತನಕ ಆ ನಾಟಕವನ್ನು ಹೊತ್ತು ದಾಟಿಸುವವಳು ಅವಳೇ. ನಡುನಡುವೆ ಆಟ ನಿಲ್ಲಿಸಿ ಆಯೇರಿ. ನಾಯಕನ ಅತ್ತೆಯ ಮನೆಯವರು ಬಂದು ಅಂಗಿಬಟ್ಟೆ ಕೊಡುತ್ತಾರೆ, ಮಾವ ಉಂಗುರ ಹಾಕುತ್ತಾನೆ, ಗೆಳೆಯರು ನೋಟಿನ ಹಾರ ಹಾಕುತ್ತಾರೆ, ಮೈಕಿನಲ್ಲಿ ಎಲ್ಲರ ಹೆಸರು ಕೂಗುತ್ತಾರೆ. ಆಕೆ ಹಿಂದೆ ಪರದೆಯ ಮರೆಗೆ ನಿಂತು ನೀರು ಕುಡಿಯುತ್ತಾಳೆ. ಮುಂಜಾನೆ ಉಳಿದ ಹಣಕ್ಕಾಗಿ ಪಂಚರ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತಾಳೆ.

ಒಂದೇ ರಂಗ, ಒಂದೇ ರಾತ್ರಿ, ಒಂದೇ ನಾಟಕ. ಗಂಡಸಿನದು ಹವ್ಯಾಸ, ಹೆಂಗಸಿನದು ವೃತ್ತಿ. ದುಡ್ಡು ಕೊಟ್ಟು ಆಡಿದವನಿಗೆ ಕಲಾಪ್ರೇಮಿ ಎಂಬ ಹೆಸರು, ದುಡ್ಡು ಇಸಿದುಕೊಂಡು ಆಡಿದವಳಿಗೆ ಯಾವ ಹೆಸರು ಇಡುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ವಿಮರ್ಶಕರ ಎರಡು ಓಣಿಗಳ ನಕಾಶೆಯಲ್ಲಿ ಈ ಹೆಣ್ಣಿಗೆ ಎಲ್ಲಿ ಮನೆ? ಆಕೆಗೆ ಆ ಪಾತ್ರದಿಂದ ಸಂತೋಷವಾಗುತ್ತದೆಯೋ ಇಲ್ಲವೋ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನು ಕೇಳಿದ್ದೇನೆ. ಒಬ್ಬಾಕೆ ನಕ್ಕು, “ಸಂತೋಷ ಆಗದಿದ್ರ ಎರಡು ಮಕ್ಕಳ ತಾಯಿ ನಾ ಕುಣೀತಿದ್ನೇನ್ರಿ ಅಕ್ಕೋರ? ರೊಕ್ಕ ಬರದಿದ್ರ ಕುಣೀಲಿಕ್ಕೆ ಬಿಡತಿದ್ರೇನ್ರಿ ಮನ್ಯಾಗ?” ಎಂದಳು. ಈ ಎರಡನೇ ವಾಕ್ಯವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಕಡೆ ಹೆಣ್ಣಿಗೆ ತನ್ನ ಖುಷಿಯ ಕೆಲಸ ಮಾಡಲು ಪರವಾನಗಿ ಸಿಗುವುದು ಅದು ದುಡಿದು ತಂದಾಗ. ಗಂಡಸಿಗೆ ಹಣ ಮತ್ತು ಖುಷಿ ಎರಡು ದಾರಿಯಾಗಿ ಕಂಡರೆ, ಅವಳಿಗೆ ಒಂದು ಇನ್ನೊಂದರ ಬಾಗಿಲ ಕೀಲಿ.

ಹುನಗುಂದ ಸೀಮೆಯ ಇನ್ನೊಬ್ಬ ದೊಡ್ಡ ನಾಟಕಕಾರರೆಂದರೆ ಪಿ.ಬಿ. ಧುತ್ತರಗಿಯವರು (1929–2007). ಅವರ ಅತಿ ಹೆಸರಾದ ನಾಟಕದ ಹೆಸರೇ ‘ಸಂಪತ್ತಿಗೆ ಸವಾಲ್’. 1974ರಲ್ಲಿ ಅದು ಎ.ವಿ. ಶೇಷಗಿರಿರಾಯರ ನಿರ್ದೇಶನದಲ್ಲಿ, ರಾಜಕುಮಾರ್ ಮತ್ತು ಮಂಜುಳಾ ಅಭಿನಯದಲ್ಲಿ ಚಿತ್ರವಾಗಿ ಇಡೀ ನಾಡಿಗೆ ಗೊತ್ತಾಯಿತು. ನಾನು ಚಿಕ್ಕವಳಿದ್ದಾಗ ಟೆಂಟಿನಲ್ಲಿ ಚಿತ್ರವನ್ನೂ, ಆಮೇಲೆ ಜಾತ್ರೆಯಲ್ಲಿ ನಾಟಕವನ್ನೂ ನೋಡಿದ್ದೇನೆ, ಒಂದಲ್ಲ ಹಲವು ಸಲ. ಹಣಕ್ಕಿಂತ ದೊಡ್ಡದು ಇದೆ ಎಂದು ಸಾರುವ ನಾಟಕವೆಂದು ಅದನ್ನು ಹೊಗಳುವುದು ರೂಢಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೆಸರಿನಲ್ಲಿ ಸವಾಲು ಸಂಪತ್ತಿಗೆ ಇದ್ದರೂ ಕಥೆಯಲ್ಲಿ ಸವಾಲು ಇರುವುದು ಸಾಹುಕಾರನ ಸೊಕ್ಕಿಗೆ. ಸಂಪತ್ತು ಹೇಗೆ ಬಂತು, ಯಾರ ಬೆವರಿನಿಂದ ಬಂತು ಎಂಬ ಗೊಡವೆಗೆ ನಾಟಕ ಆಳವಾಗಿ ಹೋಗುವುದಿಲ್ಲ. ಇನ್ನೂ ಒಂದು ಮಾತು. ಶ್ರೀಮಂತರ ಮನೆಯ ಸೊಕ್ಕಿನ ಹುಡುಗಿ ಬಗ್ಗಿ ಬಂದಾಗಲೇ ಪ್ರೇಕ್ಷಕರಿಗೆ ಸಂಪತ್ತು ಸೋತ ಹಾಗೆ ಅನಿಸುವುದು. ಹಣದ ವಿರುದ್ಧ ಗಂಡಸರು ಹೂಡುವ ಯುದ್ಧದಲ್ಲಿ ಸೋಲುವ ಪಾತ್ರ ಹೆಣ್ಣಿನದು! ಕಂಪನಿ ನಾಟಕಗಳ ಈ ಚಟ ಧುತ್ತರಗಿಯವರಿಗಿಂತ ಹಳೆಯದು. ಅವರು ಅದನ್ನು ಮೀರಲಿಲ್ಲ ಎಂದಷ್ಟೇ ಹೇಳಬಹುದು.

ಆದರೆ ಬರೆದ ನಾಟಕಕ್ಕಿಂತ ಅವರು ಬದುಕಿದ ರೀತಿ ನನ್ನ ವಿಷಯಕ್ಕೆ ಹತ್ತಿರದ್ದು. ಸಂಪತ್ತಿಗೆ ಸವಾಲು ಹಾಕಿದ ಆ ನಾಟಕ ಟಿಕೀಟು ಮಾರಿಯೇ ನಡೆಯಿತು. ಅವರ ಮಡದಿ ಸರೋಜಮ್ಮ ಧುತ್ತರಗಿಯವರೂ ಬಣ್ಣ ಹಚ್ಚಿ ರಂಗಕ್ಕೆ ಬಂದವರು. ರಂಗದ ಮೇಲೆ ಬಗ್ಗಿ ನಡೆಯುವ ಹುಡುಗಿಯ ಪಾತ್ರವನ್ನು ರಾತ್ರಿಯಿಡೀ ಮಾಡಿ, ಬೆಳಿಗ್ಗೆ ಯಾರಿಗೂ ಬಗ್ಗದೆ ತಮ್ಮ ಪಗಾರ ಎಣಿಸಿಕೊಂಡು ಮನೆ ನಡೆಸಿದ ಕಂಪನಿಯ ನಟಿಯರ ಸಾಲು ದೊಡ್ಡದಿದೆ. ಯಾವ ನಾಟಕಕಾರನೂ ಆ ಪಾತ್ರವನ್ನು ಬರೆಯಲಿಲ್ಲ. ಕಂಪನಿ ನಾಟಕಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಪರದೆಯ ಹಿಂದೆ ಇದ್ದದ್ದು ಪರದೆಯ ಮುಂದಿನದಕ್ಕಿಂತ ಎಷ್ಟೋ ಮುಂದಿತ್ತು.

ಆ ಚಿತ್ರದ ಬಗ್ಗೆ ಒಂದು ಉಪಕಥೆ. ಎಮ್ಮೆಯ ಮೇಲೆ ಕೂತು ನಾಯಕ ಹಾಡುವ ಹಾಡನ್ನು ರಾಜಕುಮಾರರೇ ಹಾಡಿದರು, ಆಮೇಲೆ ತಮ್ಮ ಚಿತ್ರಗಳ ಹಾಡುಗಳನ್ನು ತಾವೇ ಹಾಡತೊಡಗಿದರು. ಪೇಟೆಯ ಜನಕ್ಕೆ ಅದು ಸೋಜಿಗ. ಕಂಪನಿ ನಾಟಕ ಕಂಡವರಿಗೆ ಸೋಜಿಗವೇನಿಲ್ಲ, ಅಲ್ಲಿ ಹಾಡಲು ಬಾರದವನಿಗೆ ಪಾತ್ರವೇ ಇಲ್ಲ. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿ ನಟರು, ಮಗ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಹೊಟ್ಟೆಪಾಡಿಗೆ ಕಲಿತ ವಿದ್ಯೆ ಅದು.

ಖುಷಿಗಾಗಿ ಮನೆ ಬಿಟ್ಟು ಓಡಿದವರ ಕಥೆಗಳನ್ನು ನಾವು ಮಕ್ಕಳಿಗೆ ಬಹಳ ಪ್ರೀತಿಯಿಂದ ಹೇಳುತ್ತೇವೆ. ನಮ್ಮ ಬಾದಾಮಿಗೆ ಹತ್ತಿರದ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ತಂದೆ ನನ್ನ ಹಾಗೆ ಸಾಲಿಯ ಮಾಸ್ತರರು. ಬಿ.ವಿ. ಕಾರಂತರೂ ಹುಡುಗನಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅವರ ಸಾಧನೆಗೆ ಕೈ ಮುಗಿಯೋಣ. ಅದೇ ಹನ್ನೊಂದರ ಹುಡುಗಿ ರೈಲು ಹತ್ತಿದ್ದರೆ ಆ ಕಥೆ ಪಠ್ಯಪುಸ್ತಕಕ್ಕೆ ಬರುತ್ತಿತ್ತೇ ಎಂದು ನನ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ಪೊಲೀಸ್ ಠಾಣೆಯ ದಾಖಲೆಗೆ ಬರುತ್ತಿತ್ತು ಎಂದು ಹಿಂದಿನ ಬೆಂಚಿನವಳೇ ಉತ್ತರ ಕೊಟ್ಟಳು.

ಹೆಣ್ಣುಮಕ್ಕಳು ಹೋದದ್ದು ಬೇರೆ ದಾರಿಯಿಂದ. ಈಗ ನಮ್ಮದೇ ಜಿಲ್ಲೆಯಾದ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಾಡಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಹೆಸರಾದರು. ವಿಜಾಪುರದಲ್ಲಿ ತಮ್ಮ ಹೆಸರಿನ ಟಾಕೀಸು ಕಟ್ಟಿಸಿದರು. ನನಗೆ ಆ ಟಾಕೀಸು ಅವರ ಹಾಡಿನಷ್ಟೇ ಮುಖ್ಯ. ಹಾಡಿದ ಕೊರಳು ಗೋಡೆ ಕಟ್ಟಿ, ಬಾಗಿಲಿಗೆ ತನ್ನ ಹೆಸರು ಬರೆಸಿತಲ್ಲ! ಅವರ ಬಗ್ಗೆ ರಹಮತ್ ತರೀಕೆರೆಯವರು ಪುಸ್ತಕ ಬರೆದಿದ್ದಾರೆ. ಸಿಕ್ಕರೆ ಓದಿ.

ಇನ್ನು ಗಂಗೂಬಾಯಿ ಹಾನಗಲ್ಲರ (1913–2009) ‘ನನ್ನ ಬದುಕಿನ ಹಾಡು’. ಈ ಆತ್ಮಕಥೆಯನ್ನು ಸಂಗೀತದ ಮೇಲಿನ ಪ್ರೀತಿಯ ಕಥೆಯೆಂದು ಓದುವವರೇ ಹೆಚ್ಚು. ನಾನು ಅದನ್ನು ಸಂಸಾರದ ಖರ್ಚಿನ ಪುಸ್ತಕವಾಗಿಯೂ ಓದುತ್ತೇನೆ, ಹಾಗೆ ಓದಿದಾಗ ಅದರ ಎತ್ತರ ಇನ್ನೂ ಹೆಚ್ಚುತ್ತದೆ. ಗಂಡ ವಕೀಲಿಕೆ ಓದಿದವರು, ಆದರೆ ಕೈಹಾಕಿದ ವ್ಯಾಪಾರಗಳು ಕೈಹಿಡಿಯಲಿಲ್ಲ. ಮನೆ ನಡೆದದ್ದು ಇವರ ಕಛೇರಿಗಳಿಂದ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಆ ವಿದ್ಯೆ ಅವರ ಆನಂದವೂ ಹೌದು, ಮಕ್ಕಳ ಅನ್ನವೂ ಹೌದು. ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಮಾತ್ರ ಅವರ ತಾಯಿ ಅಂಬಾಬಾಯಿ. ಅವರು ಕರ್ನಾಟಕ ಸಂಗೀತದ ಹಾಡುಗಾರ್ತಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದ ಮೇಲೆ ಅವಳ ಪದ್ಧತಿ ಕೆಡಬಾರದೆಂದು ತಮ್ಮ ಹಾಡುಗಾರಿಕೆಯನ್ನೇ ಬಿಟ್ಟುಬಿಟ್ಟರು. ಮನಮೆಚ್ಚಿದ ವೃತ್ತಿ ಆರಿಸಿಕೊಂಡವರ ಪಟ್ಟಿಯಲ್ಲಿ ಮಗಳ ಹೆಸರಿದೆ. ತಾಯಿ ತೆತ್ತ ಬೆಲೆ ಯಾವ ಪಟ್ಟಿಯಲ್ಲೂ ಇಲ್ಲ. ವಾರ್ಷಿಕೋತ್ಸವದ ಭಾಷಣಕಾರರು ಅಂಬಾಬಾಯಿಯವರ ಬಗ್ಗೆ ಒಂದು ಮಾತಾದರೂ ಹೇಳಿದ್ದರೆ ಜಮಖಾನದ ಮೇಲಿನ ತಾಯಂದಿರು ಬಹುಶಃ ಚಪ್ಪಾಳೆ ತಟ್ಟುತ್ತಿದ್ದರು.

ದುಡ್ಡೋ ಖುಷಿಯೋ ಎಂದು ಹೀಗೆ ಕಡ್ಡಿ ಮುರಿದು ಕೇಳುವುದು ನಮ್ಮ ನೆಲದ ರೀತಿಯೇ ಅಲ್ಲ. ಕೂಡಲಸಂಗಮ ಇರುವುದು ನಮ್ಮ ಹುನಗುಂದ ತಾಲ್ಲೂಕಿನಲ್ಲಿ. ಅಲ್ಲಿ ಐಕ್ಯರಾದ ಬಸವಣ್ಣನವರೂ ಅವರ ಸಂಗಾತಿಗಳೂ ‘ಕಾಯಕ’ ಎಂಬ ಮಾತನ್ನು ಬಳಸಿದಾಗ ಅದರಲ್ಲಿ ಗಳಿಕೆಯೂ ಇತ್ತು, ಪೂಜೆಯೂ ಇತ್ತು. ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟದ್ದು ಅರ್ಥ ತಿಳಿದೇ ಇಟ್ಟದ್ದು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಎಂದಿಗಿಂತ ಹೆಚ್ಚು ಆಯ್ದು ತಂದಾಗ, ಇಷ್ಟು ನಮಗೆ ಬೇಡ, ತಿರುಗಿ ಕೊಟ್ಟು ಬಾ ಎಂದವಳು ಮಡದಿ ಲಕ್ಕಮ್ಮ. ದುಡಿಮೆಯೇ ಬೇಡವೆಂದು ಆಕೆ ಹೇಳಲಿಲ್ಲ. ಎಷ್ಟು ಸಾಕು ಎಂಬುದನ್ನು ಹೇಳಿದಳು. ಅಡುಗೆ ಮನೆಯಲ್ಲಿ ದಿನವೂ ಅಕ್ಕಿ ಅಳೆಯುವವಳಿಗಲ್ಲದೆ ಆ ಅಳತೆ ಯಾರಿಗೆ ಗೊತ್ತಿರುತ್ತದೆ?

ಈ ಪವಿತ್ರ ಮಾತನ್ನು ಮಗ್ಗುಲು ಬದಲಿಸಿ ಬಳಸುವವರೂ ಇದ್ದಾರೆ, ಅವರ ಬಗ್ಗೆ ಎಚ್ಚರ ಬೇಕು. ಸರಕಾರಿ ನೇಮಕಾತಿ ಬರುವ ಮೊದಲು ನಾನು ಕೆಲವು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಕಲಿಸಿದೆ. ಸಹಿ ಮಾಡಿಸಿಕೊಳ್ಳುತ್ತಿದ್ದ ಪಗಾರ ಒಂದು, ಕೈಗೆ ಕೊಡುತ್ತಿದ್ದದ್ದು ಇನ್ನೊಂದು. ಕೇಳಿದರೆ, “ನಿಮಗೇನ್ರಿ ಅಕ್ಕೋರ, ಮನಿಯವರು ದುಡೀತಾರ. ನಿಮ್ಮದು ಮನಸ್ಸಿನ ಸಂತೋಷಕ್ಕ ಮಾಡೂ ಕೆಲಸ. ಕಾಯಕ ಅಂತ ತಿಳೀರಿ” ಎಂಬ ಉತ್ತರ. ಅಲ್ಲಿದ್ದ ಗಂಡು ಮಾಸ್ತರರಿಗೆ ಸಂತೋಷದ ಮಾತು ಹೇಳುತ್ತಿರಲಿಲ್ಲ, ನೂರಿನ್ನೂರು ಹೆಚ್ಚು ಕೊಡುತ್ತಿದ್ದರು. ಪಟ್ಟಣದ ಖಾಸಗಿ ಶಾಲೆಗಳಲ್ಲಿ, ನರ್ಸಿಂಗ್ ಹೋಮುಗಳಲ್ಲಿ, ಸೀರೆ ಅಂಗಡಿಗಳಲ್ಲಿ ದುಡಿಯುವ ನಿಮ್ಮಲ್ಲಿ ಅನೇಕರಿಗೆ ಈ ಮಾತು ಹೊಸದಲ್ಲ. ಕಲಿಸುವುದರಲ್ಲಿ ನನಗೆ ಖುಷಿ ಇತ್ತು, ಈಗಲೂ ಇದೆ. ಆ ಖ��ಷಿ ನನ್ನದು. ಅದನ್ನು ನನ್ನ ಪಗಾರದಲ್ಲಿ ಮುರಿದುಕೊಳ್ಳುವ ಹಕ್ಕು ಇನ್ನೊಬ್ಬರಿಗಿಲ್ಲ.

ಹಣವೇ ಎಲ್ಲ ಎಂದು ಮಾತ್ರ ತಿಳಿಯಬೇಡಿ. ಗಲ್ಲಾಪೆಟ್ಟಿಗೆ ಕಂಪನಿ ನಾಟಕವನ್ನು ಕೆಡಿಸಿದ್ದೂ ನಿಜ. ಬನಶಂಕರಿಯಲ್ಲಿ ಕೆಲವು ಕಂಪನಿಗಳ ಬೋರ್ಡಿನ ಮೇಲಿನ ಹೆಸರು ಓದಿದರೆ ಮಕ್ಕಳ ಕೈ ಹಿಡಿದುಕೊಂಡು ಬೇಗ ಬೇಗ ನಡೆಯಬೇಕಾಗುತ್ತದೆ, ಅಂಥ ಎರಡರ್ಥದ ಮಾತು. ಟಿ.ವಿ. ಬಂದ ಮೇಲೆ ಜನ ಕಡಿಮೆಯಾದರು, ಜನ ಕಡಿಮೆಯಾದಂತೆ ಮಾತು ಕೆಳಗಿಳಿಯಿತು. ಕಂದಗಲ್ಲರ ಮಾತು ಹೇಳುತ್ತಿದ್ದ ನಾಲಿಗೆಗೆ ಅದನ್ನು ಹೇಳುವಾಗ ಖುಷಿಯಾಗುತ್ತದೆ ಎಂದು ನಾನು ನಂಬಲಾರೆ. 1989ರಲ್ಲಿ ಮೈಸೂರಿನಲ್ಲಿ ಕಾರಂತರ ಮುಂದಾಳತ್ವದಲ್ಲಿ ರಂಗಾಯಣ ಶುರುವಾದಾಗ ನಟರಿಗೆ ಸರಕಾರದಿಂದ ಪಗಾರ ಸಿಕ್ಕಿತು. ಗಲ್ಲಾಪೆಟ್ಟಿಗೆಯ ಹಂಗೂ ಇಲ್ಲ, ಉಪವಾಸವೂ ಇಲ್ಲ. ಒಳ್ಳೆಯ ದಾರಿ. ಆದರೆ ಎಷ್ಟು ಜನಕ್ಕೆ ಸಾಕಾದೀತು?

ಇಳಕಲ್ಲಿನಲ್ಲಿ ನಾನು ಕಲಿಸಿದ ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿದ ಮೇಲೆ ಹೆಗ್ಗೋಡಿನ ನೀನಾಸಂಗೆ ಹೋಗಿ ನಾಟಕ ಕಲಿಯುತ್ತೇನೆಂದು ಹಟ ಹಿಡಿದಳು. ಅಪ್ಪ ಮಗ್ಗದ ಮೇಲೆ, ಅವ್ವ ಕಂಡಿಕೆ ಸುತ್ತುವವಳು. ಇಳಕಲ್ಲ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೆಲಸ ನೋಡಿದವರಿಗೆ ಗೊತ್ತು, ಆ ಮನೆಗಳಲ್ಲಿ ದುಡಿಯದ ಕೈ ಇಲ್ಲ, ಹೆಂಗಸರ ಕೈಗೆ ಬೇರೆ ಕೂಲಿಯೂ ಇಲ್ಲ. ಅವ್ವ ನನ್ನ ಹತ್ತಿರ ಬಂದು ಕೂತು ಒಂದೇ ಮಾತು ಕೇಳಿದಳು: “ಖುಷಿ ಅಕೀದು ಐತ್ರಿ ಅಕ್ಕೋರ. ಖರ್ಚು ಯಾರದು?”

ಎಷ್ಟು ನ್ಯಾಯವಾದ ಪ್ರಶ್ನೆ! ಕನಸು ಗಿನಸು ಎಂದು ನಾನು ಉಪದೇಶ ಮಾಡಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಲೆಕ್ಕ ಬರೆದೆವು. 1980ರಲ್ಲಿ ಶುರುವಾದ ಆ ರಂಗಶಿಕ್ಷಣ ಕೇಂದ್ರದ ಓದು ಸುಮಾರು ಹತ್ತು ತಿಂಗಳಿನದು. ಅಷ್ಟು ದಿನ ಮನೆಯಲ್ಲಿ ಒಂದು ಜೊತೆ ಕೈ ಕಡಿಮೆ. ಆಮೇಲೆ ತಿರುಗಾಟದ ತಂಡಕ್ಕೆ ಆರಿಸಿದರೆ ಒಂದು ವರ್ಷ ಸಂಭಾವನೆ, ಇಲ್ಲದಿದ್ದರೆ ಏನು? ಟೈಲರಿಂಗ್ ಬರುತ್ತದೆ, ನಾಟಕದ ಉಡುಪು ಹೊಲಿದು ಕೊಡಬಹುದು. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸಬಹುದು. ಯಾವುದೂ ಗ್ಯಾರಂಟಿಯಿಲ್ಲ. ಅವ್ವ ಕಾಗದ ತಿರುಗಿಸಿ ತಿರುಗಿಸಿ ನೋಡಿ, ಓದಲು ಬಾರದಿದ್ದರೂ, “ಇಷ್ಟ ಅಂತ ಗೊತ್ತಾತಲ್ಲ, ಬಿಡ್ರಿ, ಹೋಗಲಿ” ಎಂದಳು. ಅವಳನ್ನು ಹೆದರಿಸಿದ್ದು ಬಡತನವಲ್ಲ, ಅಳತೆ ಸಿಗದ ಖರ್ಚು.

ಹುಡುಗಿ ಹೋದಳು, ಕಲಿತಳು, ಬಂದಳು. ದೊಡ್ಡ ಹೆಸರೇನೂ ಆಗಿಲ್ಲ. ಬಾಗಲಕೋಟೆಯ ನವನಗರದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಜಾತ್ರೆಯ ದಿನಗಳಲ್ಲಿ ಹಳ್ಳಿಯ ನಾಟಕಗಳಿಗೆ ನಾಯಕಿಯಾಗಿ ಹೋಗುತ್ತಾಳೆ. ಪೂರ್ತಿ ಹಣ ಎಣಿಸಿಕೊಂಡ ಮೇಲೆಯೇ ಮುಖಕ್ಕೆ ಬಣ್ಣ ಹಚ್ಚುತ್ತಾಳೆಂದು ಪಂಚರ ದೂರು. ಹುನಗುಂದದ ಹತ್ತಿರದ ಒಂದು ಊರಲ್ಲಿ ಅವಳ ನಾಟಕ ನೋಡಲು ಹೋಗಿದ್ದೆ. ನಾಯಕನಿಗೆ ಆಯೇರಿ ಅರ್ಧ ತಾಸು ನಡೆಯಿತು. ಎಲ್ಲ ಮುಗಿಯಿತು ಎನ್ನುವಾಗ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು, ಜನರನ್ನು ದಾಟಿಕೊಂಡು ಮೆಟ್ಟಿಲು ಹತ್ತಿ ಬಂದು, ಒಂದು ಗುಳೇದಗುಡ್ಡ ಖಣ ಮತ್ತು ತೆಂಗಿನಕಾಯಿಯನ್ನು ನನ್ನ ಹುಡುಗಿಯ ಉಡಿಗೆ ಹಾಕಿದಳು. ಮೈಕಿನವನಿಗೆ ಏನು ಕೂಗಬೇಕೋ ತಿಳಿಯಲಿಲ್ಲ. ಮುದುಕಿಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಕೆಳಗೆ ಬಗ್ಗಿ ಇಬ್ಬರನ್ನು ಕೇಳಿ, ಮತ್ತೆ ಮೇಲೆದ್ದು, ಅವಳ ಗಂಡನ ಹೆಸರು ಕೂಗಿದ. ಮುದುಕಿ ತಿರುಗಿ ನಿಂತು ತನ್ನ ಹೆಸರು ಹೇಳಿದಳು. ಅವನು ಅದನ್ನೂ ಕೂಗಿದ. ಪೇಟಿ ಮತ್ತೆ ಶುರುವಾಯಿತು.